ಖಾಲಿ ತೋಟಾ ಎಲ್ಲಿಂದ ಹಾರುತ್ತದೆ? ಲಿವರ್ ರೈಫಲ್ ಕೊಳ್ಳಹೊರಟವರೊಂದಿಗೆ ಆಡಿದ ಮಾತು

(ಪೆನ್ಸಿಲ್ವೇನಿಯಾದ ಕನ್ನಡಿಗರ ಕೂಟವೊಂದರಲ್ಲಿ, ಜಿಂಕೆ ಬೇಟೆಯ ಕಾಲ ಶುರುವಾಗುವ ಮುನ್ನ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಬರುವ ಶನಿವಾರ ನಮ್ಮ ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗುವ ಕಾಲ ಶುರು. 2019ಕ್ಕೆ ಮುಂಚೆ ಅದು ಸೋಮವಾರ ಶುರುವಾಗುತ್ತಿತ್ತು. ಹಳ್ಳಿಗಾಡಿನ ಎಷ್ಟೋ ಶಾಲೆಗಳು ಆ ದಿನ ಬಾಗಿಲು ಹಾಕುತ್ತಿದ್ದವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಗೆಳೆಯರ ಜೊತೆ ಕಾಡಿಗೆ ಹೊರಡುತ್ತಿದ್ದಾರೆ, ಅವರ ಹಿಂದೆ ಕೆಲವು ಅಪ್ಪಂದಿರೂ ಅಮ್ಮಂದಿರೂ ಹೊರಟಿದ್ದಾರೆ. ಅಂಗಡಿಗೆ ಹೋದರೆ ಗೋಡೆ ತುಂಬ ರೈಫಲ್. ಕಣ್ಣು ಹೋಗಿ ನಿಲ್ಲುವುದು ಲಿವರ್ ಇರುವ ಹಳೇ ಮಾದರಿಗಳ ಮೇಲೆ. ವಿಂಚೆಸ್ಟರ್ ತಗೊಳ್ಳಲೋ, ಮಾರ್ಲಿನ್ ತಗೊಳ್ಳಲೋ, ಸ್ಯಾವೇಜ್ ಸಿಕ್ಕರೆ ಬಿಡಲೋ ಎಂದು ಬಿಡಿಬಿಡಿಯಾಗಿ ಕೇಳುತ್ತಿದ್ದವರಿಗೆ ಒಟ್ಟಿಗೆ ಉತ್ತರ ಹೇಳೋಣ ಎಂದು ಇವತ್ತು ನಿಂತಿದ್ದೇನೆ.

ರೈಫಲ್ಲಿನ ಮಾತಿಗೆ ಮುಂಚೆ ಕಾನೂನಿನ ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಮತ್ತು ತೋಟಾ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೆ ಲೈಸೆನ್ಸಿನ ಅವಧಿ ಮುಗಿದ ದಿನ ಆ ವಿನಾಯಿತಿಯ ನೆಲೆಯೂ ಹೋಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದಲ್ಲಿ ಇರುವವರು ದಯವಿಟ್ಟು ವಕೀಲರನ್ನು ಕೇಳದೆ ಮುಂದಿನ ಹೆಜ್ಜೆ ಇಡಬೇಡಿ. ಒಂದು ರೈಫಲ್ಲಿಗಾಗಿ ಇಲ್ಲಿನ ಬದುಕನ್ನೇ ಪಣಕ್ಕಿಡುವುದು ಬೇಡ. ಮೊದಲ ಸಲ ಲೈಸೆನ್ಸ್ ತೆಗೆಯುವವರು ರಾಜ್ಯದ ಬೇಟೆ ತರಬೇತಿಯನ್ನು ಮುಗಿಸಲೇಬೇಕು. ಮುಗಿಸಿ. ಅದು ಚೆನ್ನಾಗಿದೆ.

ನಮ್ಮಲ್ಲಿ ಮಲೆನಾಡಿನವರು, ಕೊಡಗಿನವರು ಕೋವಿ ಕಂಡವರೇ. ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ, ಕೈಲ್ ಪೊಳ್ದ್ ಹಬ್ಬದ ದಿನ ತೋಕಿಗೆ (ಕೋವಿಗೆ) ಹೂವಿಟ್ಟು ಪೂಜಿಸುವುದು, ಎಲ್ಲ ಗೊತ್ತು. ಆದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಬೆಳೆದ ನಮಗೆ ಬೇಟೆಯ ಅನುಭವ ಇಲ್ಲ, ಇರಲೂ ಬಾರದು. ಮೇಲಾಗಿ ಅಲ್ಲಿ ಹೆಚ್ಚಾಗಿ ಕಂಡದ್ದು ಚರೆ ಹಾರಿಸುವ ನುಣುಪು ನಳಿಗೆ. ಇಲ್ಲಿ ಮಾತಾಡುತ್ತಿರುವುದು ಒಂದೇ ಗುಂಡನ್ನು ತಿರುಗಿಸಿ ಕಳಿಸುವ ರೈಫಲ್. ಆ ಗುಂಡು ಜಿಂಕೆಯನ್ನು ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗಬಲ್ಲದು. ಊರಿನ ಅಭ್ಯಾಸವನ್ನು ಇಲ್ಲಿಗೆ ಹಾಗೇ ತರುವಂತಿಲ್ಲ.

ಲಿವರ್ ರೈಫಲ್ಲೇ ಯಾಕೆ? ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ಹಿಡಿಯುವಂತಿಲ್ಲ. ಪ್ರತಿ ಈಡಿಗೂ ಕೈಯಿಂದಲೇ ತೋಟಾ ಏರಿಸಬೇಕು. ಬೋಲ್ಟ್ ಎಳೆಯಬಹುದು, ಪಂಪ್ ಮಾಡಬಹುದು, ಇಲ್ಲವೇ ಟ್ರಿಗರ್ ಸುತ್ತಲಿನ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆಯಬಹುದು. ಲಿವರ್ ಆದರೆ ರೈಫಲನ್ನು ಭುಜದಿಂದ ಇಳಿಸುವುದೇ ಬೇಡ. ಎಡಗೈಯವರಿಗೂ ಬಲಗೈಯವರಿಗೂ ಒಂದೇ. ಜೊತೆಗೆ ಅದು ತೆಳ್ಳಗಿದೆ, ಗಿಡ್ಡ ಇದೆ. ಹೆಮ್‌ಲಾಕ್ ಮರಗಳ ಕೆಳಗೆ ಮೌಂಟನ್ ಲಾರೆಲ್ ಪೊದೆ ಹೆಣೆದುಕೊಂಡಿರುವ ಇಲ್ಲಿನ ಗುಡ್ಡಗಳಲ್ಲಿ ನುಸುಳುವಾಗ ಇದರ ಬೆಲೆ ಗೊತ್ತಾಗುತ್ತದೆ. ಅಂಥ ಕಾಡಿನಲ್ಲಿ 100 ಗಜಕ್ಕಿಂತ ಆಚೆ ಜಿಂಕೆ ಕಾಣುವುದೇ ಅಪರೂಪ.

ಇನ್ನು ಆಯ್ಕೆಗೆ ಬರೋಣ. ಈ ರೈಫಲ್‌ಗಳ ಸುತ್ತ ಕಥೆಗಳು ಬಹಳ. ಕೌಬಾಯ್ ಸಿನಿಮಾ, ಅಜ್ಜನ ಕಾಲದ ಫೋಟೊ, ಹಿತ್ತಾಳೆ, ವಾಲ್‌ನಟ್ ಮರ. ನಾನೂ ಆ ಚೆಲುವಿಗೆ ಸೋತವನೇ. ಆದರೂ ಕೌಂಟರಿನ ಮುಂದೆ ನಿಂತಾಗ ಎರಡೇ ಪ್ರಶ್ನೆ ಕೇಳಿ ಅನ್ನುತ್ತೇನೆ. ಈಡಾದ ಮೇಲೆ ಖಾಲಿ ತೋಟಾ ಎಲ್ಲಿಂದ ಹಾರುತ್ತದೆ? ತುಂಬಿದ ತೋಟಾಗಳು ಒಳಗೆ ಹೇಗೆ ಕೂತಿರುತ್ತವೆ? ಮೊದಲನೆಯದು ನೀವು ಹೇಗೆ ಗುರಿ ನೋಡುತ್ತೀರಿ ಎಂಬುದನ್ನು ತೀರ್ಮಾನಿಸುತ್ತದೆ. ಎರಡನೆಯದು ಎಷ್ಟು ದೂರಕ್ಕೆ ಹೊಡೆಯಬಹುದು ಎಂಬುದನ್ನು.

ವಿಂಚೆಸ್ಟರ್ 94ರಿಂದ ಶುರು ಮಾಡೋಣ. ವಿನ್ಯಾಸ ಜಾನ್ ಮೋಸಸ್ ಬ್ರೌನಿಂಗ್ ಅವರದ್ದು, ಹೊರಬಂದದ್ದು 1894ರಲ್ಲಿ. ಮರುವರ್ಷ ಅದಕ್ಕೆ .30-30 ತೋಟಾ ಬಂತು. ಹೊಗೆಯಿಲ್ಲದ ಮದ್ದು ತುಂಬಿ ಬೇಟೆಗೆಂದೇ ಅಮೆರಿಕದಲ್ಲಿ ಮಾಡಿದ ಮೊದಲ ಸಣ್ಣ ಕ್ಯಾಲಿಬರಿನ ತೋಟಾ ಅದು. ಅಲ್ಲಿಂದ 70 ಲಕ್ಷಕ್ಕೂ ಮೀರಿ ಈ ರೈಫಲ್ ತಯಾರಾಗಿವೆ. 1927ರಲ್ಲಿ ಹತ್ತು ಲಕ್ಷದನೆಯದನ್ನು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರಿಗೆ ಕೊಟ್ಟರು. ಇಪ್ಪತ್ತು ಇಂಚಿನ ನಳಿಗೆಯ ಕಾರ್ಬೈನ್, ಅಂದರೆ ಗಿಡ್ಡ ಮಾದರಿ, ಸುಮಾರು ಆರೂವರೆ ಪೌಂಡ್ ತೂಗುತ್ತದೆ. ಲಿವರ್ ತೆರೆದು ನೋಡಿ: ಇಡೀ ತಳವೇ ಕೆಳಕ್ಕೆ ಇಳಿಯುತ್ತದೆ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಹಿಂದೆ ಅಡ್ಡ ನಿಂತಿದ್ದ ಉಕ್ಕಿನ ಕಟ್ಟೆ ಜಾರಿ ಇಳಿಯುತ್ತದೆ, ಆಮೇಲೆ ಬೋಲ್ಟ್ ಹಿಂದಕ್ಕೆ ಬರುತ್ತದೆ. ಇಷ್ಟು ಚಿಕ್ಕ ಗೂಡಿನಲ್ಲಿ ಇಷ್ಟು ಉದ್ದದ ತೋಟಾ ಓಡಾಡುವಂತೆ ಮಾಡಿದ್ದು ಬ್ರೌನಿಂಗರ ಪ್ರತಿಭೆ. ರೈಫಲ್ಲಿನ ತೂಕ ನಿಲ್ಲುವ ಜಾಗ ಸರಿಯಾಗಿ ಅಂಗೈಗೆ ಬರುತ್ತದೆ. ಒಂದು ಕೈಯಲ್ಲಿ ಹಿಡಿದು ದಿನವಿಡೀ ನಡೆಯಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಆದರೆ ಖಾಲಿ ತೋಟಾ ಹಾರುವುದು ನೆತ್ತಿಯಿಂದ, ನೇರ ಮೇಲಕ್ಕೆ. ಅಲ್ಲಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದರೆ ತೋಟಾ ಅದಕ್ಕೇ ಬಡಿಯುತ್ತದೆ. ಪಕ್ಕಕ್ಕೆ ಸರಿಸಿ ಕೂರಿಸುವ ಉಪಾಯಗಳಿವೆ, ಕೆನ್ನೆ ಸರಿಯಾಗಿ ಕೂರುವುದಿಲ್ಲ. 1980ರ ದಶಕದ ಆರಂಭದಲ್ಲಿ ಕಂಪನಿಯವರು ಗೂಡಿನ ಬಲಗೋಡೆಯನ್ನು ತಗ್ಗಿಸಿ ತೋಟಾ ಓರೆಯಾಗಿ ಹಾರುವಂತೆ ಮಾಡಿದರು. ಆ ಮಾದರಿಗೆ ಸ್ಕೋಪ್ ಹಾಕಬಹುದು. ಹಾಕಿದರೆ ಹಿಡಿಯುವ ಜಾಗದ ಆ ಸುಖ ಹೋಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: 94 ಅನ್ನು ತೆರೆದ ಸೈಟಿನಲ್ಲೇ ಬಳಸಬೇಕು. ಹಾಗಾದರೆ ನಿಮ್ಮ ಕಣ್ಣಿನ ಕಡೆ ಬರಬೇಕಾಗುತ್ತದೆ.

ನಲವತ್ತೈದು ದಾಟಿದವರು ಒಂದು ಕೆಲಸ ಮಾಡಿ. ಅಂಗಡಿಯಲ್ಲಿ ಖಾಲಿ 94 ಅನ್ನು, ಅಂಗಡಿಯವರಿಗೆ ಹೇಳಿ, ಸುರಕ್ಷಿತ ದಿಕ್ಕಿಗೆ ಹಿಡಿದು ಹಿಂದಿನ ಸೈಟಿನ ಸೀಳನ್ನು ನೋಡಿ. ಸೀಳು, ನಳಿಗೆಯ ತುದಿಯ ಮಣಿ, ದೂರದ ಗುರಿ, ಮೂರನ್ನೂ ಕಣ್ಣು ಒಟ್ಟಿಗೆ ಹೊಂದಿಸಬೇಕು. ಪುಸ್ತಕ ಓದಲು ಕನ್ನಡಕ ಬೇಕಾದವರಿಗೆ ಸೀಳು ಮಂಜಾಗಿ ಕಾಣುತ್ತದೆ. ನಡುಹಗಲಿನಲ್ಲಿ ಹೇಗೋ ನಡೆಯುತ್ತದೆ. ಆದರೆ ಜಿಂಕೆ ಹೊರಬರುವುದು ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆಯಲ್ಲಿ, ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಆ ಬೆಳಕಿನಲ್ಲಿ ಕಪ್ಪು ಸೀಳೂ ಕಂದು ಮೈಯೂ ಕಲೆತುಹೋಗುತ್ತವೆ. ಕಣ್ಣಿಗೆ ಕಾಣದ ಕಡೆ ಗುಂಡು ಹೊಡೆಯುವುದು ಪ್ರಾಣಿಗೂ ಅನ್ಯಾಯ, ಪೊದೆಯಾಚೆ ಇರಬಹುದಾದ ಮನುಷ್ಯನಿಗೂ ಅಪಾಯ. ಹಿಂದೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಸೈಟ್) ಹಾಕಿಸಿದರೆ ಸ್ವಲ್ಪ ಉತ್ತಮ, ಸೀಳಿನ ಕಾಟ ತಪ್ಪುತ್ತದೆ. ಅದಕ್ಕಿಂತ ಉತ್ತಮ, ಕಡಿಮೆ ಪವರಿನ ಒಂದು ಸ್ಕೋಪ್.

ಅಲ್ಲಿಗೆ ಮಾರ್ಲಿನ್ 336 ಬಂತು. ಮಾರ್ಲಿನ್ ಕಂಪನಿಯಲ್ಲಿದ್ದ ಎಲ್. ಎಲ್. ಹೆಪ್‌ಬರ್ನ್ 1889ರಷ್ಟು ಹಿಂದೆಯೇ ಖಾಲಿ ತೋಟಾವನ್ನು ಬದಿಯಿಂದ ಹಾರಿಸಿ, ನೆತ್ತಿಯನ್ನು ಗಟ್ಟಿ ಉಕ್ಕಾಗಿ ಉಳಿಸಿದ್ದರು. ಆಗ ಅದರ ಲಾಭ ಮಳೆ, ಕಸ, ಹಿಮ ಒಳಗೆ ಬೀಳದಿರುವುದು ಮಾತ್ರ. ಬೇಟೆಗಾರರಲ್ಲಿ ಸ್ಕೋಪ್ ಹರಡಿದಾಗ, ಅರ್ಧ ಶತಮಾನದ ನಂತರ, ಆ ನಿರ್ಧಾರ ಪೂರ್ತಿ ಫಲ ಕೊಟ್ಟಿತು. 1893ರ ಮಾದರಿಯೇ ಬದಲಾಗುತ್ತ ಬಂದು 1948ರಲ್ಲಿ ದುಂಡು ಬೋಲ್ಟಿನ 336 ಆಯಿತು. ನೆತ್ತಿಯ ಮೇಲೆ ಸ್ಕೋಪ್ ಕೆಳಗೆ, ನಡುವೆ, ಸರಿಯಾಗಿ ಕೂರುತ್ತದೆ. ತೂಕ ಸುಮಾರು ಏಳು ಪೌಂಡ್. 94ಗಿಂತ ಸ್ವಲ್ಪ ದಪ್ಪ. .30-30 ಅಲ್ಲದೆ .35 ರೆಮಿಂಗ್ಟನ್‌ನಲ್ಲೂ ಬಂತು; 200 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ ಈ ತೋಟಾವನ್ನು ಈ ರಾಜ್ಯದ ಹಳಬರು ಇಂದಿಗೂ ಬಿಟ್ಟುಕೊಡುವುದಿಲ್ಲ. ಬಿಚ್ಚಿ ತೊಳೆಯುವುದೂ ಸಲೀಸು: ಲಿವರಿನ ಒಂದು ಸ್ಕ್ರೂ ತೆಗೆದರೆ ಲಿವರ್, ಬೋಲ್ಟ್ ಕಳಚಿ ಬರುತ್ತವೆ, ನಳಿಗೆಯನ್ನು ಹಿಂದಿನಿಂದ ಉಜ್ಜಬಹುದು. 94ನ್ನು ಅಷ್ಟು ಬಿಚ್ಚಲು ತಾಳ್ಮೆಯೂ ಅಭ್ಯಾಸವೂ ಬೇಕು.

336ಕ್ಕೂ ಒಂದು ಕೊರತೆ ಇದೆ. ಬಹಳ ಬಳಸಿದ ರೈಫಲ್ಲಿನಲ್ಲಿ ಲಿವರಿನ ಮೂತಿಯು ತೋಟಾ ಎತ್ತುವ ತಟ್ಟೆಯ ಅಡಿಯನ್ನು ಸವೆಸುತ್ತದೆ. ಆಗ ತೋಟಾ ತುಂಬುವ ಕೊಳವೆಯಿಂದ ಎರಡನೇ ತೋಟಾ ನುಸುಳಿ ಬಂದು ಎಲ್ಲ ಸಿಕ್ಕಿಕೊಳ್ಳುತ್ತದೆ. ಬಂದೂಕು ರಿಪೇರಿ ಬಲ್ಲವರಿಗೆ ಇದು ಚಿಕ್ಕ ಕೆಲಸ. ಹಳೆಯದನ್ನು ಕೊಳ್ಳುವಾಗ ಲಿವರನ್ನು ನಿಧಾನಕ್ಕೂ ಆಡಿಸಿ, ಜೋರಾಗಿಯೂ ಆಡಿಸಿ ನೋಡಿ.

ಈಗ ಎರಡನೇ ಪ್ರಶ್ನೆ. 94, 336 ಎರಡರಲ್ಲೂ ನಳಿಗೆಯ ಕೆಳಗೆ ಒಂದು ಕೊಳವೆ. ಅದರಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನ ತೋಟಾದ ಮೂತಿ ಮುಂದಿನದರ ಪ್ರೈಮರಿಗೆ (ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಭಾಗಕ್ಕೆ) ತಾಗಿಕೊಂಡು. ಗುಂಡಿನ ಮೂತಿ ಚೂಪಾಗಿದ್ದರೆ, ಈಡಿನ ಒದೆತಕ್ಕೆ ಅದು ಪ್ರೈಮರನ್ನು ಚುಚ್ಚಿ ಕೊಳವೆಯೊಳಗೇ ಸಿಡಿಯಬಹುದು. ಹಾಗಾಗಿ ಕೊಳವೆಗೆ ಚಪ್ಪಟೆ ಮೂತಿಯ ಗುಂಡೇ ಹಾಕಬೇಕು. ಚಪ್ಪಟೆ ಮೂತಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. .30-30ರ 150 ಗ್ರೇನ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,390 ಅಡಿ, 170 ಗ್ರೇನಿನದು ಸುಮಾರು 2,200 ಅಡಿ. 100 ಗಜಕ್ಕೆ ಗುರಿ ಹೊಂದಿಸಿಟ್ಟರೆ 200 ಗಜಕ್ಕೆ ಹೋಗುವಷ್ಟರಲ್ಲಿ ಎಂಟು ಇಂಚಿನ ಆಸುಪಾಸು ಕೆಳಗಿಳಿದಿರುತ್ತದೆ. 150 ಗಜದವರೆಗೆ ನೆಚ್ಚಬಹುದಾದ ತೋಟಾ. 2000ದ ದಶಕದ ನಡುವೆ ಹಾರ್ನಡಿ ಕಂಪನಿ ರಬ್ಬರಿನಂತೆ ಬಾಗುವ ಮೂತಿಯ ಚೂಪು ಗುಂಡನ್ನು ತಂದಿತು. ಕೊಳವೆಯಲ್ಲೂ ಅಪಾಯವಿಲ್ಲ, 200 ಗಜಕ್ಕೂ ಸಾಕಷ್ಟು ಕಸುವು ಉಳಿಯುತ್ತದೆ. ನಿಮ್ಮ ರೈಫಲ್ ಅದನ್ನು ಒಪ್ಪುತ್ತದೋ ಇಲ್ಲವೋ ಹೊಡೆದು ನೋಡಿ ತಿಳಿಯಬೇಕು.

ಕೊಳವೆಯ ಈ ಕಟ್ಟನ್ನೇ ಮುರಿದವರು ಆರ್ಥರ್ ಸ್ಯಾವೇಜ್. ಹುಟ್ಟಿದ್ದು ಜಮೈಕಾದಲ್ಲಿ, ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ. ಅವರ 1899ರ ಮಾದರಿ, ಮುಂದೆ 99 ಎಂದು ಹೆಸರಾದದ್ದು, ನನ್ನ ಪ್ರಕಾರ ಆ ಇಡೀ ಕಾಲದ ಅತ್ಯಂತ ಜಾಣ ರೈಫಲ್. ಹೊರಗೆ ಹ್ಯಾಮರ್, ಅಂದರೆ ಈಡು ಹಾರಿಸಲು ಬಡಿಯುವ ಸುತ್ತಿಗೆ, ಇಲ್ಲ. ಒಳಗೆ ಐದು ಹಳ್ಳಗಳ ಒಂದು ತಿರುಗುವ ಉರುಳೆ. ಪ್ರತಿ ತೋಟಾಗೂ ಅದರದ್ದೇ ಜಾಗ, ಒಂದರ ಮೂತಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ಅಂದರೆ ಚೂಪು ಗುಂಡು ಹಾಕಬಹುದು. ಬಹುಪಾಲು ಮಾದರಿಗಳಲ್ಲಿ ಎಡಬದಿಗೆ ಒಂದು ಪುಟ್ಟ ಕಿಂಡಿ. ಒಳಗೆ ಎಷ್ಟು ತೋಟಾ ಉಳಿದಿವೆ ಎಂದು ಅಲ್ಲಿ ಅಂಕಿ ಕಾಣುತ್ತದೆ. ನೆತ್ತಿ ಗಟ್ಟಿ, ಖಾಲಿ ತೋಟಾ ಬದಿಗೆ. ಎರಡೂ ಪ್ರಶ್ನೆಗೆ ಒಂದೇ ರೈಫಲ್ ಸರಿಯಾದ ಉತ್ತರ ಕೊಟ್ಟಿತು, ಅದೂ ಹತ್ತೊಂಬತ್ತನೇ ಶತಮಾನ ಮುಗಿಯುವ ಮುಂಚೆ. 1915ರಲ್ಲಿ ಇದಕ್ಕೆ ಬಂದ .250-3000 ತೋಟಾ 87 ಗ್ರೇನ್ ಗುಂಡನ್ನು ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಕಳಿಸಿತು. 1920ರಲ್ಲಿ .300 ಸ್ಯಾವೇಜ್, ಮುಂದೆ .308 ಮತ್ತು .243 ಕೂಡ ಬಂದವು. .308ರ 99 ಕೈಯಲ್ಲಿದ್ದರೆ ಗುಡ್ಡದ ಈ ಬದಿಯಿಂದ ಎದುರಿನ ಇಳಿಜಾರಿಗೆ, 250 ಗಜಕ್ಕೂ, ಅಭ್ಯಾಸ ಇದ್ದವರು ನಿಶ್ಚಿಂತೆಯಿಂದ ಹೊಡೆಯಬಹುದು.

ಹಾಗಾದರೆ ಎಲ್ಲರೂ 99 ಕೊಳ್ಳಬಾರದೇಕೆ? ಅದನ್ನು ಮಾಡಲು ದುಬಾರಿಯಾಯಿತು, 1990ರ ದಶಕದ ಕೊನೆಗೆ ತಯಾರಿಕೆ ನಿಂತಿತು. ಈಗ ಸಿಗುವುದೆಲ್ಲ ಹಳೆಯದು, ಬೆಲೆ ಏರುತ್ತಲೇ ಇದೆ. ಕೊಳ್ಳುವಾಗ ಉಕ್ಕು ಮುಗಿದು ಮರ ಶುರುವಾಗುವ ಜಾಗದಲ್ಲಿ ಬಿರುಕು ಇದೆಯೇ ನೋಡಿ. ಈ ಮಾದರಿ ಅಲ್ಲೇ ಸೀಳುವುದು. .303 ಸ್ಯಾವೇಜ್ ಎಂದು ಬರೆದಿದ್ದರೆ ಆಸೆ ಬಿಡಿ, ತೋಟಾ ಸಿಗುವುದು ಬಲು ಕಷ್ಟ. ಇನ್ನೊಂದು ಮಾತು: ತುಂಬ ಹಳೆಯ 99ರ ನೆತ್ತಿಯಲ್ಲಿ ಸ್ಕೋಪಿಗೆ ತೂತು ಇರುವುದಿಲ್ಲ. ದಯವಿಟ್ಟು ಕೊರೆಸಬೇಡಿ. ಬೆಲೆ ಬೀಳುವುದು ಒಂದು ಕಡೆ ಇರಲಿ, ಅಂಥ ಕೆಲಸಗಾರಿಕೆಯ ಮೇಲೆ ಡ್ರಿಲ್ ಓಡಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪೆಟ್ಟಿಗೆ ಮ್ಯಾಗಜೀನಿನ (ತೋಟಾ ತುಂಬುವ ಪೆಟ್ಟಿಗೆಯ) ವಿಂಚೆಸ್ಟರ್ 1895 ಅನ್ನು ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಒಯ್ದಿದ್ದರು. ನೋಡಲು ಸೊಗಸು, ಇಲ್ಲಿನ ಜಿಂಕೆಗೆ ಬೇಡ. ಬ್ರೌನಿಂಗ್ ಬಿಎಲ್‌ಆರ್ ಕಳಚುವ ಮ್ಯಾಗಜೀನಿನದು, ಹೊಸ ಕಾಲದ ತೋಟಾಗಳನ್ನೆಲ್ಲ ನುಂಗುತ್ತದೆ, ಕೆಲಸ ಚೊಕ್ಕ. ಈಗಿನ ಹೆನ್ರಿ ಕಂಪನಿ 1860ರ ಹೆನ್ರಿ ರೈಫಲ್ಲಿನ ಹೆಸರಿಟ್ಟುಕೊಂಡ ಹೊಸ ಕಂಪನಿ, ನಯವಾದ ರೈಫಲ್ ಮಾಡುತ್ತದೆ, ತುಸು ಭಾರ. .45-70ಯ ಮಾರ್ಲಿನ್ 1895 ಈಗ ಬಹಳ ಜನಪ್ರಿಯ. ನೇರ ಗೋಡೆಯ, ಅಂದರೆ ಕತ್ತು ಕಿರಿದಾಗದ, ತೋಟಾ ಮಾತ್ರ ಒಪ್ಪುವ ಓಹಾಯೊದಲ್ಲಿ ಅದಕ್ಕೆ ಅರ್ಥವಿದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ರೈಫಲ್ ಎಂದು ಅದನ್ನು ಕೊಂಡರೆ ಆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಅಭ್ಯಾಸ ಬೀಳುತ್ತದೆ.

ಹಳೆಯದೋ ಹೊಸದೋ? ವಿಂಚೆಸ್ಟರ್ 1964ರಲ್ಲಿ ಖರ್ಚು ಇಳಿಸಲು ಕೆಲವು ಬಿಡಿಭಾಗಗಳನ್ನು ಅಗ್ಗದಲ್ಲಿ ಮಾಡಿತು. ಅದಕ್ಕೇ '64ಕ್ಕೆ ಮುಂಚಿನದು' ಎಂದರೆ ಬೆಲೆ ಜಾಸ್ತಿ. ಕೂಡಿಡುವವರಿಗೆ ಅದು ಸರಿ. ಬೇಟೆಗೆ ಹೋಗುವವರಿಗೆ 1970ರ ದಶಕದ 94 ಕಡಿಮೆ ಬೆಲೆಗೆ ಸಿಕ್ಕರೆ ಖುಷಿಯಿಂದ ಕೊಳ್ಳಿ. ನ್ಯೂ ಹೇವನ್‌ನ ಕಾರ್ಖಾನೆ 2006ರಲ್ಲಿ ಮುಚ್ಚಿತು. ಈಗಿನ 94 ಜಪಾನಿನ ಮಿರೊಕು ಮಾಡುತ್ತದೆ, ಕೆಲಸ ಬಹಳ ಒಳ್ಳೆಯದು. ಮಾರ್ಲಿನ್ ಕಥೆ ಬೇರೆ. ಕಂಪನಿ ರೆಮಿಂಗ್ಟನ್ ಕೈಗೆ ಹೋದ ಮೇಲೆ, 2011ರಲ್ಲಿ ಕನೆಕ್ಟಿಕಟ್‌ನ ಹಳೇ ಕಾರ್ಖಾನೆ ಮುಚ್ಚಿ, ಆ ಕೈಕೆಲಸದವರೂ ಚದುರಿ, ಕೆಲ ವರ್ಷ ಗುಣಮಟ್ಟ ಕುಸಿಯಿತೆಂದು ಎಲ್ಲರೂ ದೂರಿದರು. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಅನ್ನು ಕೊಂಡಿತು. 2023ರಿಂದ ಅವರ 336 ಬರುತ್ತಿದೆ, ಕಣ್ಣು ಮುಚ್ಚಿ ಕೊಳ್ಳಬಹುದು. ಹಳೆಯದಾದರೆ ನಳಿಗೆ ಶುರುವಾಗುವಲ್ಲಿ ಪುಟ್ಟ ವೃತ್ತದೊಳಗೆ 'ಜೆಎಂ' ಮುದ್ರೆ (ಹಳೇ ಕಾರ್ಖಾನೆಯ ಗುರುತು) ಹುಡುಕಿ. 1973ರಿಂದ 90ರ ದಶಕದವರೆಗಿನದ್ದಾದರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿಯನ್ನು 2000ದಿಂದ ಕಳೆಯಿರಿ, ಮಾಡಿದ ವರ್ಷ ಸಿಗುತ್ತದೆ: 25 ಇದ್ದರೆ 1975.

ನನ್ನ ಸಲಹೆ ಇಷ್ಟು. ಮೊದಲ ರೈಫಲ್ ಆದರೆ, ಕನ್ನಡಕದವರಾದರೆ, ಮನೆಯಲ್ಲಿ ಇಬ್ಬರು ಮೂವರು ಹಂಚಿಕೊಳ್ಳುವುದಾದರೆ, .30-30ರ 336, ಮೇಲೊಂದು ಚಿಕ್ಕ ಸ್ಕೋಪ್. ಕಣ್ಣು ಚುರುಕಾಗಿದ್ದು, ಕೂತು ಕಾಯುವುದಕ್ಕಿಂತ ನಡೆದು ಹುಡುಕುವುದು ಇಷ್ಟವಾದರೆ 94. ನಿಮ್ಮ ಜಾಗದಲ್ಲಿ ಬಯಲು, ಜೋಳದ ಹೊಲ, ಅಗಲವಾದ ಕಣಿವೆ ಇದ್ದರೆ, ಒಳ್ಳೆಯ ಸ್ಥಿತಿಯ 99 ಕಣ್ಣಿಗೆ ಬಿದ್ದರೆ, ಯೋಚಿಸುತ್ತ ಕೂರಬೇಡಿ.

ಮಾತು ಮುಗಿದ ಮೇಲೆ ಕೊಡಗಿನ ಕಡೆಯ ಅಕ್ಕ ಒಬ್ಬರು ಎದ್ದು, "ನನ್ನ ಭುಜ ಸಣ್ಣದು, ಒದೆತ ತಡೆಯುತ್ತದಾ?" ಎಂದು ಕೇಳಿದರು. ಅಕ್ಕ, .30-30ರ ಒದೆತ .30-06 ಎಂಬ ದೊಡ್ಡ ತೋಟಾದ ಸುಮಾರು ಅರ್ಧ. ಆದರೆ 94 ಹಗುರ, ಅದರ ಹಿಂಬದಿ ಕಿರಿದು, ಗಟ್ಟಿ. ಅದೇ ತೋಟಾ 336ರಲ್ಲಿ ಮೆತ್ತಗೆ ಅನ್ನಿಸುತ್ತದೆ. ಹಿಂಬದಿಯ ಮರ ಉದ್ದವಾದರೆ ಅರ್ಧ ಇಂಚು ಕೊಯ್ಸಿ ರಬ್ಬರ್ ಪ್ಯಾಡ್ ಹಾಕಿಸಿ, ನಿಮ್ಮ ಅಳತೆಗೆ ಬರುತ್ತದೆ.

ಮಾಂಸ ಮನೆಗೆ ತಂದು ಮಕ್ಕಳಿಗೆ ಬಡಿಸುವವರು ಸೀಸದ ಬಗ್ಗೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸೀಸದ ಗುಂಡು ಒಳಗೆ ಚೂರಾಗಿ ಗಾಯದಿಂದ ದೂರಕ್ಕೂ ಹರಡುವುದು ಎಕ್ಸ್‌ರೇಯಲ್ಲಿ ಕಂಡಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವೇ ನಿಷಿದ್ಧ. .30-30ಗೆ ಪೂರ್ತಿ ತಾಮ್ರದ ಗುಂಡು ಸಿಗುತ್ತದೆ, ಬೆಲೆ ಹೆಚ್ಚು. ಚಿಕ್ಕ ಮಕ್ಕಳು, ಬಸುರಿಯರು ಇರುವ ಮನೆಯವರು ತಾಮ್ರವನ್ನೇ ಬಳಸಿ.

ಕೊನೆಯ ಪ್ರಶ್ನೆ ಕಾಲೇಜು ಹುಡುಗನದು: "ಅಂಕಲ್, ಹ್ಯಾಮರ್ ಇರುವ ಗನ್ ಡೇಂಜರ್ ಅಲ್ವಾ?" ಅಪಾಯ ಎರಡು ಕಡೆ ಇದೆಯಪ್ಪ. ಒಂದು, ತೋಟಾ ಏರಿಸಿದ ಮೇಲೆ ಹ್ಯಾಮರ್ ಪೂರ್ತಿ ಹಿಂದೆ ನಿಂತಿರುತ್ತದೆ, ಹೊಡೆಯದಿದ್ದರೆ ಇಳಿಸಬೇಕು. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಕೈಗವಸು ಕಳಚಿ, ಹೆಬ್ಬೆರಳಿನಿಂದ ಹ್ಯಾಮರನ್ನು ಗಟ್ಟಿಯಾಗಿ ಹಿಡಿದು, ಟ್ರಿಗರನ್ನು ಒತ್ತಿ, ಹ್ಯಾಮರ್ ಸಡಿಲವಾದ ಕ್ಷಣ ಟ್ರಿಗರಿನಿಂದ ಬೆರಳು ತೆಗೆದು, ಅರ್ಧದ ಮೆಟ್ಟಿಲಿನವರೆಗೆ (ಹ್ಯಾಮರ್ ಅರ್ಧದಲ್ಲಿ ತಡೆದು ನಿಲ್ಲುವ ಜಾಗ) ಮೆಲ್ಲಗೆ ಇಳಿಸಬೇಕು. ಮನೆಯಲ್ಲಿ ಖಾಲಿ ರೈಫಲ್ಲಿನಲ್ಲಿ, ತೋಟಾ ಬೇರೆ ಕೋಣೆಯಲ್ಲಿಟ್ಟು, ಕೈಗೆ ರೂಢಿಯಾಗುವವರೆಗೆ ಮಾಡು. 1980ರ ದಶಕದ ನಡುವಿನಿಂದ ಈಚಿನ 336ರಲ್ಲಿ ಹ್ಯಾಮರ್ ತಡೆಯುವ ಗುಂಡಿ ಇದೆ, ಇಳಿಸುವ ಮುಂಚೆ ಅದನ್ನು ಒತ್ತಿಕೋ.

ಎರಡು, ಖಾಲಿ ಮಾಡುವುದು. ಕೊಳವೆಯ ತೋಟಾಗಳನ್ನು ಹೊರತೆಗೆಯಲು ಒಂದೊಂದನ್ನೂ ಲಿವರ್ ಆಡಿಸಿ ಹಾಯಿಸಬೇಕು, ಹೆಚ್ಚಿನ ಅವಘಡ ಆಗುವುದು ಆಗಲೇ. ಇಲ್ಲಿನ ಕಾನೂನಿನಲ್ಲಿ ತೋಟಾ ತುಂಬಿದ ರೈಫಲನ್ನು ಕಾರಿನೊಳಗೆ ಇಡುವುದಿರಲಿ, ಕಾರಿಗೆ ಒರಗಿಸುವಂತೆಯೂ ಇಲ್ಲ. ಹಾಗಾಗಿ ಕಾರು ತಲುಪುವ ಮುಂಚೆಯೇ, ಬೆಳಕಿರುವಾಗ, ಕಿತ್ತಳೆ ಜಾಕೆಟ್ ನೆಲಕ್ಕೆ ಹಾಸಿ ಅದರ ಮೇಲೆ ತೋಟಾ ಬೀಳುವಂತೆ ಲಿವರ್ ಆಡಿಸು. ಬೆರಳು ಟ್ರಿಗರಿನ ಹತ್ತಿರವೂ ಸುಳಿಯಬಾರದು. ಎಲ್ಲ ಬಂದವು ಅನ್ನಿಸಿದ ಮೇಲೂ ಎರಡು ಸಲ ಆಡಿಸು. ಬಳಿಕ ಕಿರುಬೆರಳು ಹಾಕಿ ನಳಿಗೆಯ ಹಿಂಬಾಯಿ ಮುಟ್ಟಿ ನೋಡು, ಕೊಳವೆಯ ತಳ್ಳುಗೊರಡು ಕಣ್ಣಿಗೆ ಕಾಣುತ್ತಿದೆಯೇ ನೋಡು. ಬೆಳಗ್ಗೆ ಐದು ತುಂಬಿದ್ದರೆ ಜಾಕೆಟ್ ಮೇಲೆ ಐದು ಇರಬೇಕು. ನಾಲ್ಕೇ ಇದ್ದರೆ ಐದನೆಯದು ಎಲ್ಲಿದೆ ಎಂದು ಗೊತ್ತಾಗುವವರೆಗೆ ಕಾರಿನ ಬಾಗಿಲು ತೆಗೆಯಬೇಡ.